ಮಿಲೀಭಗತ್‌ಗೆ ದಂಡ, ವಿಲೀನಕ್ಕೆ ಪರವಾನಗಿ

2011ರ ಆರಂಭದಲ್ಲಿ ನಮ್ಮ ಆಪಾ ಹಳೇ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಸ್ಲ್ಯಾಬ್ ಹಾಕುವುದು ಬಾಕಿ. ಸಿಮೆಂಟ್ ತರಲು ಗೌಂಡಿ ಮಾಮುವಿನ ಜೊತೆ ನಾನೂ ಅಂಗಡಿಗೆ ಹೋದೆ. ಹಿಂದಿನ ವಾರದ ರೇಟಿಗಿಂತ ಚೀಲಕ್ಕೆ ಮೂವತ್ತು ರೂಪಾಯಿ ಹೆಚ್ಚು ಹೇಳಿದರು. 'ಹೋಗ್ಲಿ, ಬ್ಯಾರೆ ಕಂಪನಿದು ಕೊಡ್ರಿ' ಎಂದೆ. ಅಂಗಡಿಯವರು ನಕ್ಕರು. 'ಎಲ್ಲಾವೂ ಕೂಡೇ ಏರ್ಯಾವ್ರಿ ಸಾಬ್ರ. ರೇಟ್ ನಾವು ಹಾಕಂಗಿಲ್ಲ, ಮ್ಯಾಲಿಂದ ಫೋನ್ ಬರ್ತದ.'

ಹೊರಗೆ ಬಂದ ಮೇಲೆ ಮಾಮು ಬೀಡಿ ಹಚ್ಚುತ್ತ ಒಂದೇ ಮಾತು ಹೇಳಿದರು: 'ಸಬ್ ಮಿಲೀಭಗತ್ ಹೈ ಬಾವಾ.'

ಶಾಲೆಯ ಮೆಟ್ಟಿಲು ಹತ್ತದ ಮಾಮುವಿಗೆ ಒಂದು ಬೀಡಿ ಸುಟ್ಟು ಮುಗಿಯುವಷ್ಟರಲ್ಲಿ ತಿಳಿದ ಸಂಗತಿಯನ್ನು ದೆಹಲಿಯಲ್ಲಿ ಒಂದು ಆಯೋಗ ವಿಚಾರಿಸುತ್ತಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಕಟ್ಟಡ ನಿರ್ಮಾಣಗಾರರ ಸಂಘ 2010ರಲ್ಲೇ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತ್ತು. ದೊಡ್ಡ ಸಿಮೆಂಟ್ ಕಂಪನಿಗಳು ಕೂಡಿಕೊಂಡು ಉತ್ಪಾದನೆ ತಗ್ಗಿಸಿ ಬೆಲೆ ಏರಿಸುತ್ತಿವೆ ಎಂಬುದು ದೂರು. ಕಂಪನಿಗಳ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಸಿಮೆಂಟ್ ಎಲ್ಲಿ ಮಾಡಿದರೂ ಸಿಮೆಂಟೇ, ಒಬ್ಬನ ಬೆಲೆ ನೋಡಿ ಇನ್ನೊಬ್ಬ ಏರಿಸುವುದು ಬಜಾರಿನ ಸಹಜ ರೀತಿ, ಅದಕ್ಕೆ ಒಳಒಪ್ಪಂದವೇ ಬೇಕೆಂದಿಲ್ಲ ಎಂದು ಅವು ವಾದಿಸಿದವು. ಆದರೆ ಆಯೋಗ ಬೆಲೆ ಒಂದನ್ನೇ ನೋಡಲಿಲ್ಲ. ಸಿಮೆಂಟ್ ತಯಾರಕರ ಸಂಘದ ಸಭೆಗಳನ್ನು ನೋಡಿತು. ಆ ಸಂಘದ ಮೂಲಕ ಕಂಪನಿಗಳು ಬೆಲೆ, ಉತ್ಪಾದನೆಯ ಅಂಕಿಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದುದನ್ನು ನೋಡಿತು. 2010ರ ಕೊನೆಯಲ್ಲಿ ಸರಕು ಕಡಿಮೆಯಾಗಿ, 2011ರ ಮೊದಲ ತಿಂಗಳುಗಳಲ್ಲಿ ಬೆಲೆ ಏರಿದ್ದನ್ನು ಅದರ ಪಕ್ಕಕ್ಕಿಟ್ಟು ನೋಡಿತು. 2012ರ ಜೂನ್‌ನಲ್ಲಿ ತೀರ್ಪು ಬಂತು. ಎಸಿಸಿ, ಅಂಬುಜಾ, ಅಲ್ಟ್ರಾಟೆಕ್, ಸೆಂಚುರಿ, ಇಂಡಿಯಾ ಸಿಮೆಂಟ್ಸ್, ಬಿನಾನಿ, ಲಫಾರ್ಜ್, ಜೆಪಿ ಮುಂತಾದ ಕಂಪನಿಗಳ ಮೇಲೆ ಸುಮಾರು 6,300 ಕೋಟಿ ರೂಪಾಯಿ ದಂಡ.

ಆಪಾಗೆ ಪತ್ರಿಕೆ ತೋರಿಸಿದೆ. 'ಹಾಗಾದರೆ ನಮ್ಮ ದುಡ್ಡು ವಾಪಸ್ ಬರುತ್ತಾ?' ಎಂದು ಕೇಳಿದರು.

ಬರುವುದಿಲ್ಲ. ದಂಡದ ಹಣ ವಸೂಲಾದರೆ ಅದು ಭಾರತದ ಸಂಚಿತ ನಿಧಿಗೆ ಹೋಗಬೇಕೆಂದು ಕಾಯ್ದೆಯ 47ನೇ ಕಲಮು ಹೇಳುತ್ತದೆ. ನಷ್ಟವಾದವರು ಪರಿಹಾರ ಕೇಳಲು ಬೇರೊಂದು ಕಲಮು ಇದೆ. ಮೊದಲು ತಪ್ಪು ಸಾಬೀತಾಗಬೇಕು, ಆಮೇಲೆ ಮೇಲ್ಮನವಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು, ವಕೀಲರನ್ನಿಡಬೇಕು, ಬಿಲ್ಲು ತೋರಿಸಬೇಕು. ನಲವತ್ತು ಚೀಲ ಕೊಂಡವರಿಗೆ ಅದು ಇದ್ದೂ ಇಲ್ಲದ ಕಲಮು. ಇನ್ನು ತಪ್ಪು ಸಾಬೀತಾಗುವ ಕಥೆಯೇ ಬೇರೆ. 2015ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಇಡೀ ತೀರ್ಪನ್ನು ರದ್ದು ಮಾಡಿತು. ವಾದ ಕೇಳದೆ ಇದ್ದ ಅಧ್ಯಕ್ಷರು ತೀರ್ಪಿಗೆ ಸಹಿ ಹಾಕಿದ್ದಾರೆ, ಇದು ಸಹಜ ನ್ಯಾಯಕ್ಕೆ ವಿರುದ್ಧ ಎಂದು. ನ್ಯಾಯಮಂಡಳಿ ಹೇಳಿದ್ದು ಸರಿಯೇ. ಆದರೆ ಸಾವಿರಾರು ಕೋಟಿಯ ಪ್ರಕರಣದಲ್ಲಿ ಇಂಥ ಪ್ರಾಥಮಿಕ ತಪ್ಪು ನಡೆಯಿತಲ್ಲ, ಅದನ್ನು ಏನೆನ್ನಬೇಕು? ನಮ್ಮೂರ ಪಂಚಾಯಿತಿಯಲ್ಲೂ ಮಾತು ಕೇಳದವರು ಹೆಬ್ಬೆಟ್ಟು ಒತ್ತುವುದಿಲ್ಲ. ಮತ್ತೆ ವಿಚಾರಣೆ ನಡೆದು 2016ರ ಆಗಸ್ಟ್‌ನಲ್ಲಿ ಆಯೋಗ ಸುಮಾರು 6,700 ಕೋಟಿ ದಂಡ ವಿಧಿಸಿತು. 2018ರ ಜುಲೈನಲ್ಲಿ ಹೊಸ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ದಂಡದ ಶೇಕಡಾ ಹತ್ತರಷ್ಟನ್ನು ಠೇವಣಿ ಇಡಿ ಎಂದು ಹೇಳಿ ಕಂಪನಿಗಳ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಂಡಿತು. ದೂರಿನಿಂದ ಅಲ್ಲಿಯ ವರೆಗೆ ಎಂಟು ವರ್ಷ. ಅಷ್ಟರಲ್ಲಿ ಆಪಾರ ಕೋಣೆಯ ಸ್ಲ್ಯಾಬ್ ಒಂದು ಸಲ ಸೋರಿ ರಿಪೇರಿಯೂ ಆಗಿತ್ತು.

ನನ್ನ ತಕರಾರು ವಿಳಂಬದ ಬಗ್ಗೆ ಅಷ್ಟೇ ಅಲ್ಲ. ಕೋರ್ಟು ಕಚೇರಿಯ ವಿಳಂಬ ನಮಗೆ ಹೊಸದೇನಲ್ಲ. ಈ ಮೊಕದ್ದಮೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ ಹೊರಗೆ ಏನು ನಡೆಯಿತು ನೋಡಿ. ಲಫಾರ್ಜ್ ಇಂಡಿಯಾ 2016ರಲ್ಲಿ ನಿರ್ಮಾ ಪಾಲಾಯಿತು. ಜೆಪಿಯ ಬಹಳಷ್ಟು ಕಾರ್ಖಾನೆಗಳನ್ನು 2017ರಲ್ಲಿ ಅಲ್ಟ್ರಾಟೆಕ್ ಕೊಂಡಿತು. 2018ರಲ್ಲಿ ಬಿನಾನಿಯನ್ನು ಕೊಂಡಿತು. ಸೆಂಚುರಿಯ ಸಿಮೆಂಟ್ 2019ರಲ್ಲಿ ಅದರೊಳಗೆ ಸೇರಿತು. ಇಂಡಿಯಾ ಸಿಮೆಂಟ್ಸ್ 2024ರ ಡಿಸೆಂಬರ್‌ನಲ್ಲಿ ಅದರ ಕೈಗೆ ಬಂತು. ಎಸಿಸಿ ಮತ್ತು ಅಂಬುಜಾ 2022ರಲ್ಲಿ ಅದಾನಿ ಸಮೂಹದ ಪಾಲಾದವು. ಒಂದು ಮೇಜಿನ ಸುತ್ತ ಕೂತು ಬೆಲೆ ಮಾತಾಡಿದರು ಎಂಬ ಆರೋಪ ಹೊತ್ತವರಲ್ಲಿ ಹಲವರು ಈಗ ಒಂದೇ ಮನೆಯವರು. ಒಂದೇ ಮನೆಯವರು ಮಾತಾಡಿಕೊಂಡರೆ ಅದು ಮಿಲೀಭಗತ್ ಹೇಗಾಗುತ್ತದೆ? ಅದು ಆಡಳಿತ ಮಂಡಳಿಯ ಸಭೆ. ಕಾನೂನು ಅದಕ್ಕೆ ಚಹಾ ತಂದು ಕೊಡುತ್ತದೆ.

ದೂರದ ಮಾತು ಬೇಡ, ನಮ್ಮ ಜಿಲ್ಲೆಯ ಲೆಕ್ಕವನ್ನೇ ನೋಡೋಣ. ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಸಿಗುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ದಂಡೆಯ ಹಾಳು ಕೋಟೆ ನೋಡಲು ಬರುವವರಿಗಿಂತ ಸಿಮೆಂಟ್ ತುಂಬಲು ಬರುವ ಲಾರಿಗಳೇ ಅಲ್ಲಿ ಹೆಚ್ಚು. ಅಲ್ಲಿನ ಕಾರ್ಖಾನೆ ಅಲ್ಟ್ರಾಟೆಕ್‌ನದು. ಮುಂದೆ ಸೇಡಂನ ವಾಸವದತ್ತಾ ಕೇಸೋರಾಂ ಕಂಪನಿಯದಾಗಿತ್ತು, 2025ರಲ್ಲಿ ಅದೂ ಅಲ್ಟ್ರಾಟೆಕ್‌ಗೆ ಸೇರಿತು. ತೆಲಂಗಾಣದ ಗಡಿ ದಾಟಿದರೆ ತಾಂಡೂರು ಬಳಿಯ ಮಲ್ಕಾಪುರದಲ್ಲಿ ಇಂಡಿಯಾ ಸಿಮೆಂಟ್ಸ್ ಕಾರ್ಖಾನೆ, ಅದೂ ಅದೇ ಮನೆಗೆ. ಇತ್ತ ವಾಡಿಯ ಎಸಿಸಿ ಅದಾನಿಯವರದು. ಚಿತ್ತಾಪುರದ ಓರಿಯಂಟ್ 2025ರಲ್ಲಿ ಅವರದಾಯಿತು. ತಾಂಡೂರಿನಲ್ಲಿ ಪೆನ್ನಾ ಕಾರ್ಖಾನೆ 2024ರಲ್ಲೇ ಅವರಿಗೆ ಸೇರಿತ್ತು. ಶ್ರೀ ಸಿಮೆಂಟ್, ಚೆಟ್ಟಿನಾಡ್‌ನಂಥ ಬೇರೆಯವರೂ ಈ ಸೀಮೆಯಲ್ಲಿ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹತ್ತು ವರ್ಷದ ಕೆಳಗೆ ಆರು ಮಾಲೀಕರಿದ್ದ ಆರು ಕಾರ್ಖಾನೆಗಳಿಗೆ ಇವತ್ತು ಇಬ್ಬರು ಮಾಲೀಕರು. ಕಲ್ಲು ನಮ್ಮ ನೆಲದ್ದು, ಧೂಳು ನಮ್ಮ ಪುಪ್ಪುಸದ್ದು, ಫೋನ್ ಮಾತ್ರ ಮೇಲಿಂದ ಬರುತ್ತದೆ.

ಇದೆಲ್ಲ ಕಾನೂನು ಮೀರಿ ನಡೆದದ್ದಲ್ಲ, ಕಾನೂನಿನ ಪ್ರಕಾರವೇ ನಡೆದದ್ದು. ನನ್ನ ಸಿಟ್ಟು ಇರುವುದೂ ಅಲ್ಲೇ. 1969ರ ಎಂಆರ್‌ಟಿಪಿ ಕಾಯ್ದೆಗೆ ಬದಲಾಗಿ ಬಂದ 2002ರ ಸ್ಪರ್ಧಾ ಕಾಯ್ದೆಗೆ ಎರಡು ಕೈ. ಒಳಒಪ್ಪಂದವನ್ನು ಶಿಕ್ಷಿಸುವ ಕೈ 2009ರಲ್ಲಿ ಕೆಲಸ ಶುರು ಮಾಡಿತು. ವಿಲೀನಗಳನ್ನು ಪರಿಶೀಲಿಸುವ ಕೈ 2011ರಲ್ಲಿ. ಮೊದಲನೆಯ ಕೈಗೆ ಗಡಿಯಾರವೇ ಇಲ್ಲ, ಎಂಟು ವರ್ಷವಾದರೂ ಆದೀತು. ಎರಡನೆಯದಕ್ಕೆ ಗಡಿಯಾರ ಕಟ್ಟಿದ್ದಾರೆ. ಮೊದಲು 210 ದಿನವಿತ್ತು, 2023ರ ತಿದ್ದುಪಡಿಯಲ್ಲಿ 150 ದಿನಕ್ಕೆ ಇಳಿಸಿದರು. ಅಷ್ಟರೊಳಗೆ ಆಯೋಗ ಏನೂ ಹೇಳದಿದ್ದರೆ ವಿಲೀನಕ್ಕೆ ಒಪ್ಪಿಗೆ ಸಿಕ್ಕಿತೆಂದೇ ಅರ್ಥ. ಕೊಳ್ಳುವವನಿಗೆ ಕಾಯಿಸಬಾರದು, ಕಳಕೊಂಡವನು ಕಾಯಬಹುದು! 2011ರಿಂದ 2024ರ ವರೆಗೆ ಸಾವಿರಕ್ಕೂ ಮಿಕ್ಕ ಅರ್ಜಿಗಳಿಗೆ ಆಯೋಗ ಒಪ್ಪಿಗೆ ಕೊಟ್ಟಿತು. 'ಈ ವಿಲೀನ ಕೂಡದು' ಎಂದು ನೇರವಾಗಿ ಬಾಗಿಲು ಹಾಕಿದ್ದು ಆ ಹದಿಮೂರು ವರ್ಷಗಳಲ್ಲಿ ಒಂದೂ ಇಲ್ಲ.

ಅದಕ್ಕೆ ಹಲ್ಲಿಲ್ಲ ಎಂದೂ ಹೇಳುವಂತಿಲ್ಲ. ಲಫಾರ್ಜ್ ಮತ್ತು ಹೋಲ್ಸಿಮ್ ಜಗತ್ತಿನಾದ್ಯಂತ ಒಂದಾದಾಗ ಪೂರ್ವ ಭಾರತದಲ್ಲಿ ಪೈಪೋಟಿ ಸಾಯುತ್ತದೆಂದು ಆಯೋಗ 2015ರಲ್ಲಿ ಪಟ್ಟು ಹಿಡಿಯಿತು. ಜೋಜೊಬೇರಾ ಮತ್ತು ಸೋನಾಡಿಹ್ ಕಾರ್ಖಾನೆಗಳನ್ನು ಮಾರಲೇಬೇಕು ಎಂದಿತು. ಕೊನೆಗೆ ಲಫಾರ್ಜ್ ಭಾರತದ ಇಡೀ ವ್ಯವಹಾರವನ್ನೇ ಮಾರಬೇಕಾಯಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ.

ವಿಲೀನದ ಪರ ವಾದಿಸುವವರ ಮಾತನ್ನೂ ಕೇಳೋಣ. ಬಿನಾನಿಯಂಥವು ಸಾಲದಲ್ಲಿ ಮುಳುಗಿದ್ದವು, ಕೊಳ್ಳುವವರು ಇಲ್ಲದಿದ್ದರೆ ಬಾಗಿಲು ಮುಚ್ಚುತ್ತಿದ್ದವು, ಕಾರ್ಮಿಕರು ಬೀದಿಗೆ ಬರುತ್ತಿದ್ದರು ಎನ್ನುತ್ತಾರೆ. ಇದರಲ್ಲಿ ನಿಜವಿದೆ. ದೊಡ್ಡವರು ಇಬ್ಬರಾದರೆ ಅವರ ಜಗಳದಲ್ಲಿ ಬೆಲೆ ಇಳಿಯುತ್ತದೆ ಎನ್ನುತ್ತಾರೆ. 2024ರಲ್ಲಿ ದಕ್ಷಿಣದಲ್ಲಿ ಚೀಲದ ಬೆಲೆ ಇಳಿದದ್ದೂ ಉಂಟು. ಆದರೆ ಜಗಳ ನಡೆಯುತ್ತಿರುವುದು ಚಿಕ್ಕವರು ಮಾರಿಹೋಗುವ ತನಕ. ಕೊಳ್ಳಲು ಇನ್ನು ಯಾರೂ ಉಳಿಯದ ದಿನ ಇಬ್ಬರೂ ಏನು ಮಾಡುತ್ತಾರೆ? ಹನ್ನೊಂದು ಜನ ಸೇರಲು ಸಂಘ ಬೇಕು, ಸಭೆ ಬೇಕು, ಕಡತ ಬೇಕು. ಆ ಕಡತವೇ ಆಯೋಗಕ್ಕೆ ಸಾಕ್ಷಿಯಾಯಿತು. ಇಬ್ಬರಿಗೆ ಕಣ್ಸನ್ನೆ ಸಾಕು, ಕಣ್ಸನ್ನೆಗೆ ಕಡತ ಇರುವುದಿಲ್ಲ.

2022ರ ಮಾರ್ಚ್, ಏಪ್ರಿಲ್ ತಿಂಗಳುಗಳು ಓದುಗರಿಗೆ ನೆನಪಿರಬಹುದು. ಜಾತ್ರೆಯಲ್ಲಿ ಮುಸ್ಲಿಮರು ಬಳೆ, ಆಟಿಕೆ ಅಂಗಡಿ ಹಾಕಬಾರದೆಂದು ಕರಾವಳಿಯಿಂದ ಶುರುವಾದ ಬ್ಯಾನರುಗಳು ಒಂದೊಂದೇ ಜಿಲ್ಲೆಗೆ ಹಬ್ಬಿದವು. ಹಲಾಲ್ ಮಾಂಸ ಬೇಡವೆಂದರು, ಮಾವಿನ ಹಣ್ಣಿನ ವ್ಯಾಪಾರಿಯ ಧರ್ಮ ಕೇಳಿದರು. ಟಿವಿಗಳಲ್ಲಿ ರಾತ್ರಿ ಪೂರ್ತಿ ಚರ್ಚೆ: ಬಜಾರು ಯಾರದು? ಅದೇ ವರ್ಷದ ಮೇ ತಿಂಗಳಲ್ಲಿ ಎಸಿಸಿ, ಅಂಬುಜಾ ಕೈ ಬದಲಾಯಿಸುವ ಸುದ್ದಿ ಬಂತು. ಸಾವಿರ ಕೋಟಿಗಳ ಮಾತು, ವಾಡಿಯ ಕಲ್ಲುಗಣಿಯೂ ಅದರಲ್ಲಿ. ಅದು ವಾಣಿಜ್ಯ ಪುಟದ ಸುದ್ದಿಯಾಗಿ ಮುಗಿಯಿತು. ಅದಾನಿಯವರು ಕೊಂಡದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ತಳ್ಳುಗಾಡಿಯವನಿಂದ ಬಜಾರಿಗೆ ಅಪಾಯ ಕಂಡವರ ಕಣ್ಣಿಗೆ ಕಾರ್ಖಾನೆ ಕಾಣಲಿಲ್ಲವಲ್ಲ ಎನ್ನುತ್ತಿದ್ದೇನೆ. ಮನೆ ಕಟ್ಟುವ ಶಿವಪ್ಪನೂ ಸಲೀಮನೂ ಕೊಡುವುದು ಒಂದೇ ರೇಟು.

ನಮ್ಮವರ ಕಣ್ಣಿಗಾದರೂ ಕಂಡಿತೇ? ಅದೂ ಇಲ್ಲ. ಬಡ್ಡಿ ಹರಾಮ್ ಎಂದು ನಾನು ಚಿಕ್ಕವನಿದ್ದಾಗಿನಿಂದ ಜುಮಾ ಬಯಾನುಗಳಲ್ಲಿ ಕೇಳಿದ್ದೇನೆ. ಸರಕು ಕೂಡಿಟ್ಟು ಬೆಲೆ ಏರಿಸುವ ಇಹ್ತಿಕಾರ್ ಬಗ್ಗೆ ಒಂದು ಪೂರ್ತಿ ಬಯಾನ್ ಕೇಳಿದ ನೆನಪಿಲ್ಲ. ಪ್ರವಾದಿಯವರು ಅದನ್ನು ಪಾಪವೆಂದು ಸ್ಪಷ್ಟವಾಗಿ ಹೇಳಿದ್ದರೂ. ಒಂದು ಕಾರಣ ಹೇಳಲೇ? ಮಸೀದಿಗೆ ಸಿಮೆಂಟ್ ಚಂದಾ ಕೊಡುವವರು ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಈರುಳ್ಳಿ, ತೊಗರಿ ದಾಸ್ತಾನು ಮಾಡುವವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ನಾವೇ ಹೇಳದಿದ್ದರೆ ಯಾರು ಹೇಳಬೇಕು?

ನಮ್ಮ ಮದರಸಗಳಲ್ಲಿ ಇಂದಿಗೂ ಪಾಠ ಹೇಳುವ ಹನಫಿ ಫಿಕ್ಹ್ ಗ್ರಂಥ ಹಿದಾಯ. ಹನ್ನೆರಡನೆಯ ಶತಮಾನದ್ದು. ಅದರಲ್ಲಿ ಆಸ್ತಿ ಪಾಲು ಮಾಡುವ ಅಧ್ಯಾಯವಿದೆ. ತಂದೆ ತೀರಿಕೊಂಡರೆ ಹೊಲ, ಮನೆ ಅಳೆದು ವಾರಸುದಾರರಿಗೆ ಹಂಚಿಕೊಡುವವನು ಕಾಸಿಮ್. ಅವನಿಗೆ ಕೂಲಿ ಉಂಟು. ಈ ಕಾಸಿಮ್‌ಗಳ ವಿಷಯದಲ್ಲಿ ಕಾಜಿಗೆ ಎರಡು ಸೂಚನೆಗಳಿವೆ. ಒಬ್ಬನೇ ಕಾಸಿಮ್ ಬಳಿ ಹೋಗಬೇಕೆಂದು ಜನರನ್ನು ಬಲವಂತ ಮಾಡಬಾರದು. ಕಾಸಿಮ್‌ಗಳು ಪರಸ್ಪರ ಪಾಲುದಾರರಾಗಲು ಬಿಡಬಾರದು, ಬಿಟ್ಟರೆ ಕೂಲಿ ತುಟ್ಟಿಯಾಗುತ್ತದೆ. ಗಮನಿಸಿ, ಅಲ್ಲಿ ಹೇಳಿರುವುದು ಗುಟ್ಟಿನ ಒಪ್ಪಂದದ ಮಾತಲ್ಲ. ಹಗಲಿನಲ್ಲೇ ಮಾಡಿಕೊಳ್ಳುವ, ಬೇರೆ ಯಾವ ದೋಷವೂ ಇಲ್ಲದ ಪಾಲುದಾರಿಕೆ. ಜನರಿಗೆ ಅನಿವಾರ್ಯವಾದ ಕೆಲಸ ಮಾಡುವವರು ಒಂದಾದರೆ ಗುಟ್ಟಾಗಿ ಒಂದಾದರೂ ಬಹಿರಂಗವಾಗಿ ಒಂದಾದರೂ ತೆರುವವನ ಪಾಲಿಗೆ ಒಂದೇ ಎಂಬುದು ಆ ಹಳೆಯ ವಕೀಲರಿಗೆ ಗೊತ್ತಿತ್ತು. ಇಬ್ನ್ ತೈಮಿಯಾ ಮುಂದೆ ಬಜಾರಿನ ಮೇಲ್ವಿಚಾರಣೆಯ ಬಗ್ಗೆ ಬರೆಯುವಾಗ ಇದೇ ಉದಾಹರಣೆಯನ್ನು ಎತ್ತಿಕೊಂಡು ಸಾಮಾನು ಮಾರುವವರಿಗೂ ವಿಸ್ತರಿಸಿದರು. ಈ ಪಾಠ ಓದಿ ದಸ್ತಾರ್ ಕಟ್ಟಿಸಿಕೊಂಡ ಮೌಲ್ವಿಗಳು ಎಷ್ಟೋ ಜನ. ಅದನ್ನು ಇವತ್ತಿನ ಬಜಾರಿಗೆ ತಂದು ಮಾತಾಡಿದವರು ಎಷ್ಟು? ಧರ್ಮಗ್ರಂಥದಿಂದ ಕಾಯ್ದೆ ಬರೆಯಿರಿ ಎಂದು ನಾನು ಕೇಳುತ್ತಿಲ್ಲ, ದೇಶಕ್ಕೆ ಸಂವಿಧಾನವಿದೆ. ನಮ್ಮ ಕಪಾಟಿನಲ್ಲೇ ಇರುವ ಒಂದು ಒಳ್ಳೆಯ ವಾದವನ್ನು ನಾವು ಧೂಳು ಹಿಡಿಸಿದ್ದೇವೆ ಎಂಬುದಷ್ಟೇ ನನ್ನ ದೂರು.

ಹಾಗಾದರೆ ಏನಾಗಬೇಕು? ವಿಲೀನಕ್ಕೆ 150 ದಿನದ ಗಡುವು ಇದ್ದಂತೆ ಒಳಒಪ್ಪಂದದ ವಿಚಾರಣೆಗೂ ಗಡುವು ಬೇಕು. ಒಳಒಪ್ಪಂದದ ಆರೋಪ ಸಾಬೀತಾಗಿ ಮೇಲ್ಮನವಿ ಬಾಕಿ ಇರುವ ಕಂಪನಿ, ಅದೇ ಪ್ರಕರಣದ ಇನ್ನೊಂದು ಕಂಪನಿಯನ್ನು ಕೊಳ್ಳಲು ಹೊರಟರೆ ತೀರ್ಪು ಬರುವ ತನಕ ತಡೆಯಬೇಕು. ದಂಡದ ಒಂದು ಪಾಲು ವಸತಿ ಯೋಜನೆಗಳಿಗೆ ಹೋಗಬೇಕು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 2016ರಲ್ಲಿ ನಿಗದಿಯಾದ ನೆರವು 1 ಲಕ್ಷ 20 ಸಾವಿರ ರೂಪಾಯಿ. ಅಷ್ಟು ಸಣ್ಣ ಮನೆಗೂ ನೂರು ಚೀಲದ ಆಸುಪಾಸು ಸಿಮೆಂಟ್ ಬೇಕೆಂದು ಮಾಮು ಹೇಳುತ್ತಾರೆ. ಚೀಲಕ್ಕೆ ಮೂವತ್ತು ರೂಪಾಯಿ ಏರಿದರೆ ಮೂರು ಸಾವಿರ ಹೋಯಿತು. ಕಿಟಕಿಯ ಬಾಗಿಲು ಕೂರಿಸದೆ ಗೋಣಿತಾಟು ಕಟ್ಟಿದ ಎಷ್ಟು ಮನೆಗಳನ್ನು ನಾವು ನೋಡಿಲ್ಲ!

ಇನ್ನೊಂದು ಮುಖ್ಯ ಬೇಡಿಕೆ. ನಮ್ಮ ಜಿಲ್ಲೆಯಲ್ಲಿ ಹೊಸ ದೊಡ್ಡ ಗಣಿಯೋ ಸಿಮೆಂಟ್ ಕಾರ್ಖಾನೆಯೋ ಬರಬೇಕಾದರೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಇಲ್ಲಿಯೇ ಸಾರ್ವಜನಿಕ ಆಲಿಕೆ ನಡೆಯಬೇಕು, ವರದಿಯ ಸಾರಾಂಶ ಜನರ ಭಾಷೆಯಲ್ಲಿ ಇರಬೇಕು. ಅದೇ ಕಾರ್ಖಾನೆ ಪಕ್ಕದ ಕಾರ್ಖಾನೆಯವನಿಗೆ ಮಾರಾಟವಾಗಿ ಇಡೀ ಸೀಮೆಯ ಪೈಪೋಟಿ ಮುಗಿಯುವುದಾದರೆ ಯಾವ ಆಲಿಕೆಯೂ ಇಲ್ಲ. ಕಡತ ದೆಹಲಿಯಲ್ಲಿ, ಇಂಗ್ಲಿಷಿನಲ್ಲಿ. ಮುಂದಿನ ಸಲ ಇಂಥ ಅರ್ಜಿ ಬಂದಾಗ ಅದರ ಸಾರಾಂಶವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಸೇಡಂ, ಚಿತ್ತಾಪುರದ ತಹಸೀಲ್ ಕಚೇರಿಗಳ ಗೋಡೆಗೆ ಅಂಟಿಸಲಿ. ಆಯೋಗದವರು ಒಂದು ದಿನ ಬಂದು ಶಾಮಿಯಾನಾದಡಿ ಕೂತು ಕೇಳಲಿ. ಅಂಗಡಿಯವರು ಫೋನ್ ಎಲ್ಲಿಂದ ಬರುತ್ತದೆಂದು ಹೇಳುತ್ತಾರೋ ಇಲ್ಲವೋ, ಗೌಂಡಿ ಮಾಮು ಮಾತ್ರ ಬರುತ್ತಾರೆ. ಯಾವ ತಿಂಗಳು ಚೀಲಕ್ಕೆ ಎಷ್ಟು ಏರಿತು ಎಂಬುದು ಅವರಿಗೆ ಬಾಯಿಪಾಠ ಇದೆ.