ತೆರಿಗೆ ಇದೆ, ಖಾತರಿ ಇಲ್ಲ

ಪುಣೆಯ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ಆಗಾಗ ಕೇಳಿಬರುವ ವಾದವಿದು: 'ಸರ್ಕಾರವೇ ತೆರಿಗೆ ವಸೂಲಿ ಮಾಡುತ್ತಿದೆ, ಅಂದಮೇಲೆ ಕ್ರಿಪ್ಟೊ ಅಧಿಕೃತ ತಾನೇ?' ಅದು ನಿಷಿದ್ಧವಲ್ಲ ನಿಜ, ಆದರೆ ಅಧಿಕೃತ ಹಣವೂ ಅಲ್ಲ.

ಕ್ರಿಪ್ಟೊ ವಹಿವಾಟಿಗೆ ಬ್ಯಾಂಕುಗಳು ಸೇವೆ ನೀಡಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದುಪಡಿಸಿತು. 2022ರ ಬಜೆಟ್ ಲಾಭದ ಮೇಲೆ ಶೇ 30 ತೆರಿಗೆ ಹೇರಿತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಕಾನೂನು ಅದನ್ನು 'ವರ್ಚುವಲ್ ಡಿಜಿಟಲ್ ಆಸ್ತಿ' ಎನ್ನುತ್ತದೆಯೇ ಹೊರತು ಹಣ ಎನ್ನುವುದಿಲ್ಲ.

ಹಾಗಾದರೆ ಬೆಲೆ ಬರುವುದೆಲ್ಲಿಂದ? ಬಿಟ್‌ಕಾಯಿನ್ ಸಂಖ್ಯೆ 2.1 ಕೋಟಿ ದಾಟದಂತೆ ತಂತ್ರಾಂಶದಲ್ಲೇ ಮಿತಿಯಿದೆ. ಆದರೆ ವಿರಳವಾಗಿದ್ದರೆ ಸಾಲದು, ಕೊಳ್ಳುವವರೂ ಬೇಕು. ರೂಪಾಯಿಯ ಹಿಂದೆ ರಿಸರ್ವ್ ಬ್ಯಾಂಕ್ ಇದೆ; ಸಾಲ, ತೆರಿಗೆ ತೀರುವುದೂ ಅದರಲ್ಲೇ. ಬಿಟ್‌ಕಾಯಿನ್ ಹಿಂದಿರುವುದು ನಾಳೆಯೂ ಕೊಳ್ಳುವವರು ಸಿಗುತ್ತಾರೆಂಬ ನಂಬಿಕೆ. 2021ರ ನವೆಂಬರ್‌ನಲ್ಲಿ 68 ಸಾವಿರ ಡಾಲರ್ ದಾಟಿದ್ದು, ವರ್ಷದೊಳಗೇ 17 ಸಾವಿರಕ್ಕಿಂತ ಕೆಳಗಿಳಿಯಿತು. ಆಮೇಲೆ ಮತ್ತೆ ಏರಿತು. ನಂಬಿಕೆಯ ಏರಿಳಿತವೇ ಬೆಲೆಯ ಏರಿಳಿತ.

2022ರ ಡಿಸೆಂಬರ್ 1ರಂದು ಬೆಂಗಳೂರು, ಮುಂಬೈ ಸೇರಿದಂತೆ ನಾಲ್ಕು ನಗರಗಳಲ್ಲಿ ಪ್ರಯೋಗಕ್ಕಿಳಿದ ಡಿಜಿಟಲ್ ರೂಪಾಯಿ ಬೇರೆಯೇ. ಅದು ರಿಸರ್ವ್ ಬ್ಯಾಂಕಿನದೇ ಹಣ. ನೂರು ಎಂದರೆ ನೂರೇ.

ಊರಿನವರು ಫೋನ್ ಮಾಡಿ 'ಹಾಕಬಹುದಾ?' ಎಂದು ಕೇಳಿದರೆ ನಾನು ಹೇಳುವುದಿಷ್ಟು: ಬ್ಯಾಂಕ್ ಮುಳುಗಿದರೆ ₹5 ಲಕ್ಷದವರೆಗೆ ಠೇವಣಿ ವಿಮೆಯಿದೆ. ಕ್ರಿಪ್ಟೊ ವಿನಿಮಯ ಕೇಂದ್ರ ಮುಳುಗಿದರೆ ಆ ವಿಮೆ ಇಲ್ಲ. ಮಗಳ ಫೀಸು, ಸೈಟಿನ ಕಂತು ಅಲ್ಲಿಗೆ ಹೋಗಬಾರದು.