ಮನೆ ನೋಡುವವರು ಯಾರು?

ಬೆಂಗಳೂರಿಗೆ ವರ್ಗವಾಯಿತೆಂದರೆ ನಮ್ಮ ಗಂಡಸರು ಒಂದು ಭಾನುವಾರ ಹೋಗಿ, ಮನೆ ಗೊತ್ತುಮಾಡಿ, ಅಡ್ವಾನ್ಸ್ ಕೊಟ್ಟೇ ಬರುತ್ತಾರೆ. ಬಾಗಿಲು ಪೂರ್ವಕ್ಕಿದೆ, ಬಾಡಿಗೆ ಕಡಿಮೆ, ಮುಗಿಯಿತು. ಹಗಲೆಲ್ಲ ಅಲ್ಲಿರಬೇಕಾದವಳು ಆ ಬೀದಿಯನ್ನು ಮೊದಲು ಕಾಣುವುದು ಲಾರಿಯಿಂದ ಸಾಮಾನು ಇಳಿಸುವಾಗ! ಇದೆಂಥ ನ್ಯಾಯ?

ನಲ್ಲಿಯಲ್ಲಿ ಕಾವೇರಿ ಎಷ್ಟು ದಿನಕ್ಕೊಮ್ಮೆ ಬರುತ್ತಾಳೆಂದು ಇವರು ಕೇಳಿರುತ್ತಾರೆಯೇ? 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಅಲ್ಲಿನ ಎಷ್ಟೋ ಮನೆಗಳಿಗೆ ಬೋರ್‌ವೆಲ್ಲು, ಟ್ಯಾಂಕರೇ ಗತಿ. ಆ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಕೊಡ ಹಿಡಿದು ಕಾದವರು ಯಾರು? ಬಾಡಿಗೆಯಲ್ಲಿ ಉಳಿದದ್ದು ಟ್ಯಾಂಕರಿಗೆ ಹೋಯಿತು, ನಿದ್ದೆಯೂ ಹೋಯಿತು.

2023ರ ಜೂನ್‌ನಲ್ಲಿ ಸರ್ಕಾರ ನಮಗೆ ಬಸ್ಸು ಪುಕ್ಕಟೆ ಮಾಡಿತು, ಸಂತೋಷ. ಬಸ್ಸೇ ಬಾರದ ಬಡಾವಣೆಯಲ್ಲಿ ಅದರಿಂದೇನು? ತರಕಾರಿಗೂ ಆಟೋ, ಆಟೋಗೂ ಗಂಡನ ಮುಂದೆ ಕೈಚಾಚುವುದು.

ಮುಂಗಡ ಕೊಡುವ ಮೊದಲು ನಮ್ಮನ್ನೂ ಕರೆದೊಯ್ಯಲಿ, ಅದೂ ಸಂಜೆ ಏಳರ ಮೇಲೆ. ಬೀದಿದೀಪ ಉರಿಯುತ್ತದೆಯೇ, ಟ್ಯೂಷನ್ ಮುಗಿಸಿದ ಮಗಳು ಒಬ್ಬಳೇ ನಡೆದು ಬರಬಹುದೇ ಎಂದು ನಾವೇ ನೋಡುತ್ತೇವೆ. ವಿಚಾರಿಸುವುದಿದ್ದರೆ ಪಕ್ಕದ ಮನೆಯಾಕೆಯನ್ನು ವಿಚಾರಿಸುತ್ತೇವೆ. ಬ್ರೋಕರಿಗೆ ಸಿಗುವ ಕಮಿಷನ್ ಆಕೆಗೆ ಸಿಗುವುದಿಲ್ಲ.