ಹವ್ಯಾಸದ ಗಿಳಿಪಾಠ



ಜರ್ಮನ್ ಕಲಿಯತೊಡಗಿದ ನಿಮ್ಮಲ್ಲಿ ಹಲವರು, ಮೆಚ್ಚಿನ ಹವ್ಯಾಸ ಯಾವುದೆಂದು ಕೇಳಿದೊಡನೆ ‘ಮೈನ್ ಹಾಬಿ ಇಸ್ಟ್ ಲೇಜೆನ್’ ಎಂದು ಒಪ್ಪಿಸುತ್ತೀರಿ. ನನ್ನ ಹವ್ಯಾಸ ಓದು ಎಂದರ್ಥ. ವಾಕ್ಯವೇನೂ ತಪ್ಪಲ್ಲ. ಇಂಗ್ಲಿಷಿನ ‘ಹಾಬಿ’ ಜರ್ಮನ್ನಿನಲ್ಲಿಯೂ ನೆಲೆಯೂರಿದ ಪದವೇ. ಆದರೆ ಇದೊಂದನ್ನೇ ಉರು ಹೊಡೆಸುವ ಬೋಧನಕ್ರಮವನ್ನು ನಾನು ಒಪ್ಪಲಾರೆ.

ಗಯಟೆ ಸಂಸ್ಥೆಯ ಎ1 ಪರೀಕ್ಷೆಯಲ್ಲಿ ಮಾತಿನ ಭಾಗ ಆರಂಭವಾಗುವುದೇ ಸ್ವಪರಿಚಯದಿಂದ. ಹೆಸರು, ವಯಸ್ಸು, ದೇಶ, ಊರು, ಭಾಷೆ, ವೃತ್ತಿ, ಹವ್ಯಾಸ ಎಂಬ ಸುಳಿವುಗಳನ್ನು ಕೊಟ್ಟಿರುತ್ತಾರೆ. ಇಷ್ಟಕ್ಕೆ ಸಿದ್ಧ ಉತ್ತರ ಸಾಕಲ್ಲವೇ ಎನ್ನುವವರಿದ್ದಾರೆ. ಪರೀಕ್ಷೆಗೆ ಸಾಕು, ಭಾಷೆಗೆ ಸಾಲದು.

ಜರ್ಮನ್ನರು ಸಾಮಾನ್ಯವಾಗಿ ಹೇಳುವುದು ‘ಇಷ್ ಲೇಜೆ ಗೆರ್ನ್’ ಎಂದು. ಕನ್ನಡದಲ್ಲಿ ‘ನನಗೆ ಓದುವುದು ಇಷ್ಟ’ ಎನ್ನುವಾಗ ‘ನಾನು’ ಚತುರ್ಥಿಗೆ ಸರಿದು, ಓದು ನಾಮಪದವಾಗುತ್ತದೆ. ಅಲ್ಲಿ ಹಾಗಲ್ಲ: ‘ನಾನು’ ಕರ್ತೃವಾಗಿಯೇ, ಓದು ಕ್ರಿಯಾಪದವಾಗಿಯೇ ಉಳಿಯುತ್ತವೆ, ಇಷ್ಟವನ್ನು ಸೂಚಿಸುವುದು ‘ಗೆರ್ನ್’ ಎಂಬ ಪುಟ್ಟ ಅವ್ಯಯ. ‘ಅಕ್ಕರೆಯಿಂದ ಓದುತ್ತೇನೆ’ ಎಂದ ಹಾಗೆ.

ಇದರ ಲಾಭವನ್ನು ನೋಡಿ. ‘ಹಾಬಿ’ ವಾಕ್ಯದಲ್ಲಿ ‘ಇಸ್ಟ್’ ಒಂದನ್ನುಳಿದು ಬೇರೆ ಕ್ರಿಯಾಪದ ರೂಪವನ್ನು ಕಲಿಯುವ ಪ್ರಮೇಯವೇ ಇಲ್ಲ. ‘ಗೆರ್ನ್’ ವಾಕ್ಯದಲ್ಲಿ ಗೆಳೆಯನ ಮಾತು ಬಂದೊಡನೆ ‘ಲೇಜೆ’ ಹೋಗಿ ‘ಏರ್ ಲೀಸ್ಟ್ ಗೆರ್ನ್’ ಆಗುತ್ತದೆ. ಸ್ವರ ಬದಲಾಗುವ ಕ್ರಿಯಾಪದಗಳ ಪಾಠ ತಾನಾಗಿಯೇ ಆರಂಭವಾಯಿತು! ‘ನಿಷ್ಟ್ ಗೆರ್ನ್’ ಎಂದರೆ ಇಷ್ಟವಿಲ್ಲ, ‘ಲೀಬರ್’ ಎಂದರೆ ಅದಕ್ಕಿಂತ ಇಷ್ಟ, ‘ಆಮ್ ಲೀಬ್‌ಸ್ಟೆನ್’ ಎಂದರೆ ಎಲ್ಲಕ್ಕಿಂತ ಇಷ್ಟ. ‘ಆಮ್ ಲೀಬ್‌ಸ್ಟೆನ್’ ವಾಕ್ಯದ ಮೊದಲಿಗೆ ಬಂದರೆ ಕರ್ತೃಪದ ಕ್ರಿಯಾಪದದ ಹಿಂದೆ ಸರಿಯುತ್ತದೆ: ‘ಆಮ್ ಲೀಬ್‌ಸ್ಟೆನ್ ಕೊಖೆ ಇಷ್’. ಒಂದೇ ಪಾಠದಲ್ಲಿ ನಿಷೇಧ, ತುಲನೆ, ಪದಕ್ರಮ ಮೂರೂ ದೊರೆತವು.

ಸಮಯವಿಲ್ಲವೆಂಬ ವಾದವನ್ನೂ ಬಲ್ಲೆ. ಆದರೆ ನೀವು ನಾಳೆ ಆ ನಾಡಿನ ಆಸ್ಪತ್ರೆಯಲ್ಲಿ ದಾದಿಯಾಗಿಯೋ, ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿಯೋ ಇರುವಿರಿ. ‘ವಾಸ್ ಮಾಖೆನ್ ಜೀ ಗೆರ್ನ್?’ ಎಂದು ಯಾರಾದರೂ ವಿಶ್ವಾಸದಿಂದ ಕೇಳಿದರೆ, ಅದು ಗೆಳೆತನಕ್ಕೆ ತೆರೆದ ಬಾಗಿಲು. ಪುಸ್ತಕವನ್ನೇ ಮುಟ್ಟದವರು ಅಲ್ಲಿಯೂ ‘ಓದು’ ಎಂದು ಒಪ್ಪಿಸಿದರೆ, ಮುಂದಿನ ಪ್ರಶ್ನೆಗೇ ಮಾತು ಮುಗಿಯುತ್ತದೆ.

ಆದುದರಿಂದ ಬೋಧಕರು ಹವ್ಯಾಸಗಳ ಪಟ್ಟಿಯನ್ನು ಬದಿಗಿಟ್ಟು, ಪ್ರತಿಯೊಬ್ಬರೂ ನಿಜವಾಗಿ ಮಾಡುವ ಕೆಲಸದ ಕ್ರಿಯಾಪದವನ್ನು ಮೊದಲು ಕಲಿಸಲಿ. ರಂಗೋಲಿ ಹಾಕುವವಳು ಅದನ್ನೇ ಹೇಳಲಿ. ನಿದ್ರಾಪ್ರಿಯನೂ ಸಂಕೋಚವಿಲ್ಲದೆ ‘ಇಷ್ ಷ್ಲಾಫೆ ಗೆರ್ನ್’ ಎನ್ನಲಿ. ಅಷ್ಟಾದರೂ ಅವನ ಸ್ವಂತ ಮಾತು.